ಕಾದಂಬರಿಯನ್ನೇ ಚರಿತ್ರೆಯೆಂದು ನಂಬದಿರಿ

ಐತಿಹಾಸಿಕ ಪ್ರಣಯ ಕಾದಂಬರಿ, ಎಂದರೆ ಹಿಂದೆ ಬಾಳಿದ ವ್ಯಕ್ತಿಗಳ ಒಲವನ್ನು ಕಲ್ಪನೆಯಿಂದ ತುಂಬಿಕೊಟ್ಟ ಕಥನ, ಓದುಗರ ಮನಸ್ಸಿನಲ್ಲಿ ಬಹುಬೇಗ ಇತಿಹಾಸವಾಗಿಯೇ ನೆಲೆಯೂರಿಬಿಡುತ್ತದೆ. ವಿಮರ್ಶೆಗೆ ಕುಳಿತವರು ಎಡವುವುದೂ ಇಲ್ಲಿಯೇ. ಹೊಯ್ಸಳ ರಾಣಿ ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳೆಂದು ಶ್ರವಣಬೆಳಗೊಳದ ಶಾಸನ ತಿಳಿಸುತ್ತದೆ. ಬೆಟ್ಟದಿಂದ ಧುಮುಕಿದಳೆಂಬುದು ಐತಿಹ್ಯ, ಅಂದರೆ ಬಾಯಿಂದ ಬಾಯಿಗೆ ಬಂದ ನಂಬಿಕೆ. ಕೆ.ವಿ. ಅಯ್ಯರರ ‘ಶಾಂತಲಾ’ ಮತ್ತು ಸಿ.ಕೆ. ನಾಗರಾಜರಾಯರ ‘ಪಟ್ಟಮಹಾದೇವಿ ಶಾಂತಲಾದೇವಿ’ ಆ ಒಂದೇ ಬಾಳನ್ನು ಬೇರೆ ಬೇರೆ ಬಗೆಯಲ್ಲಿ ಕಂಡಿರುವುದರಿಂದ, ಒಂದನ್ನಷ್ಟೇ ಓದಿ ರಾಣಿಯ ಚರಿತ್ರೆ ತಿಳಿಯಿತೆನ್ನುವುದು ಅವಸರದ ಮಾತಾಗುತ್ತದೆ.

ಆದ್ದರಿಂದ ಓದುಗರು ಮುನ್ನುಡಿಯನ್ನು ದಾಟಿಹೋಗಬಾರದು. ಯಾವುದು ದಾಖಲೆ, ಯಾವುದು ಕಲ್ಪನೆ ಎಂಬ ಸುಳಿವು ಹಲವೊಮ್ಮೆ ಅಲ್ಲಿಯೇ ಸಿಗುತ್ತದೆ. ವಿಮರ್ಶಕರು ತಪ್ಪನ್ನು ತೋರಿಸುವಾಗ ಆಧಾರವನ್ನೂ ಹೇಳಬೇಕು, ಕಲ್ಪನೆಯೆಂಬ ಒಂದೇ ಕಾರಣಕ್ಕೆ ಕೃತಿಯನ್ನು ತಳ್ಳಿಹಾಕಬಾರದು, ಪಾತ್ರಗಳ ಒಲವು ಆ ಕಾಲದ ಕಟ್ಟುಪಾಡುಗಳ ನಡುವೆ ಸಹಜವಾಗಿ ಅರಳಿದೆಯೇ ಎಂದು ಮೊದಲು ನೋಡಬೇಕು. ಕಥೆಯ ಕೊನೆಯನ್ನಂತೂ ಬಿಟ್ಟುಕೊಡಲೇಬಾರದು.

ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಕುಣಿಕೋಣೂರದಂಥ ಗಡಿಯೂರುಗಳಲ್ಲಿ ಕನ್ನಡ, ಮರಾಠಿ ಎರಡನ್ನೂ ಓದಬಲ್ಲವರಿಗೆ ಇನ್ನೊಂದು ಅನುಕೂಲವಿದೆ: ಪೇಶ್ವೆ ಮಾಧವರಾವ್ ಹಾಗೂ ರಮಾಬಾಯಿಯರ ದಾಂಪತ್ಯವನ್ನು ಚಿತ್ರಿಸಿದ ರಣಜಿತ್ ದೇಸಾಯಿಯವರ ‘ಸ್ವಾಮಿ’ಯನ್ನು (1962) ಮೂಲದಲ್ಲಿಯೇ ಓದಿ, ಕನ್ನಡದ ಕೃತಿಗಳೊಡನೆ ಹೋಲಿಸಬಹುದು. ಆ ಹೋಲಿಕೆಯಲ್ಲಿ ಭಾಷಾಭಿಮಾನ ತಕ್ಕಡಿ ಹಿಡಿಯದಿರಲಿ. ಎರಡೂ ನುಡಿಗಳ ಲೇಖಕರಿಗೆ ಒಂದೇ ನ್ಯಾಯ ಸಲ್ಲಲಿ.