ಫ್ಲಾಪ್ ಕೈಕೊಟ್ಟಾಗ

ನಾಗರ ಪಂಚಮಿ ಬಂತೆಂದರೆ ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಹುಡುಗರ ಕೈಯಲ್ಲಿ ನಿಂಬೆಹಣ್ಣು. ಇಷ್ಟು ಎಸೆತಕ್ಕೆ ಆ ಗುಡಿ ಮುಟ್ಟಿಸುತ್ತೇನೆ ಎಂದು ಪಣ. ಮೊದಲ ಎಸೆತ ಜಾಲಿಕಂಟಿಗೆ ಬಿತ್ತು ಅನ್ನಿ. ಪಣ ಏರಿಸಬೇಕೋ, ಸುಮ್ಮನಿರಬೇಕೋ? ಪೋಕರ್ ಕಲಿಯುವವರು ಮೊದಲು ಎಡವುವುದೂ ಇಲ್ಲೇ.

ರೊಕ್ಕ ತೆಗೆದಿಡಿ. ರೊಕ್ಕ ಕಟ್ಟುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾನೂನು ನಿಷೇಧಿಸಿದೆ. ಚಾಪೆಯ ಮೇಲಿನ ಪಾಠಕ್ಕೆ ಒಂದು ಬೊಗಸೆ ತೊಗರಿ ಸಾಕು. 2019ರಲ್ಲಿ ಜಿಐ ಮಾನ್ಯತೆ ಪಡೆದ ಬೇಳೆಯ ಕಾಳು, ಸೋತರೂ ಮರ್ಯಾದೆಯೇ.

ಆಟ ಇಷ್ಟೆ: ಒಬ್ಬೊಬ್ಬರಿಗೆ ಎರಡು ಮುಚ್ಚಿದ ಎಲೆ. ಆಮೇಲೆ ನಡುವೆ ಮೂರು ಎಲೆ ಬಿಚ್ಚುತ್ತಾರೆ, ಅದು ಫ್ಲಾಪ್. ನಂತರ ಒಂದು ಟರ್ನ್, ಒಂದು ರಿವರ್. ಒಟ್ಟು ಏಳರಲ್ಲಿ ಒಳ್ಳೆಯ ಐದು ಯಾರದೋ ಅವರು ಗೆದ್ದರು. ಒಬ್ಬರನ್ನು ಬಿಟ್ಟು ಎಲ್ಲರೂ ಎಲೆ ಎಸೆದರೆ, ಉಳಿದ ಆ ಒಬ್ಬರು ತೋರಿಸದೆಯೇ ಗೆದ್ದರು. ಈ ಎರಡನೆಯ ದಾರಿ ನೆನಪಿರಲಿ.

ನಿಮ್ಮ ಕೈಯಲ್ಲಿ ಎಕ್ಕ, ರಾಣಿ. ನೀವು ಆರು ಕಾಳು ಇಟ್ಟಿರಿ, ಎದುರಿನವರೂ ಆರು. ನಡುವೆ 12. ಫ್ಲಾಪ್: ರಾಜ, ಏಳು, ಎರಡು, ಮೂರೂ ಬೇರೆ ಬೇರೆ ಜಾತಿ. ನಿಮಗೆ ಏನೂ ಸಿಗಲಿಲ್ಲ. ಗಾಬರಿ ಬೇಡ. ಜೋಡಿಯಲ್ಲದ ಎರಡೆಲೆಗೆ ಮೂರು ಸಲದಲ್ಲಿ ಸುಮಾರು ಎರಡು ಸಲ ಫ್ಲಾಪ್ ಹೀಗೇ ಕೈಕೊಡುತ್ತದೆ. ಎದುರಿನವರಿಗೂ ಅದೇ ಲೆಕ್ಕ.

ಈಗ ಆರು ಕಾಳು ಬೆಟ್ ಕಟ್ಟಿದರೆ, 12 ಗೆಲ್ಲಲು ಆರನ್ನು ಒಡ್ಡಿದಂತಾಯಿತು. ಮೂರರಲ್ಲಿ ಒಂದು ಸಲ ಅವರು ಎಲೆ ಎಸೆದರೂ ನಷ್ಟವಿಲ್ಲ. ಮೊದಲು ಏರಿಸಿದವರು ನೀವು. ರಾಜ ನಿಮ್ಮ ಹತ್ತಿರವೇ ಇರಬಹುದೆಂದು ಅವರಿಗೆ ಅನುಮಾನ. ಕಟ್ಟಿ.

ಅದೇ ಕೈಗೆ ಫ್ಲಾಪ್‌ನಲ್ಲಿ ಒಂಬತ್ತು, ಎಂಟು, ಏಳು ಬಂದು, ಎರಡು ಒಂದೇ ಜಾತಿಯವಾದರೆ? ಚೆಕ್ ಮಾಡಿ, ಅಂದರೆ ಕಾಳು ಕಟ್ಟದೆ ಸುಮ್ಮನಿರಿ. ಅಲ್ಲಿ ಎದುರಿನವರಿಗೆ ಜೋಡಿಯೋ, ಸಾಲು ಕೂಡಿಸುವ ಆಸೆಯೋ ಏನಾದರೊಂದು ಇದ್ದೇ ಇರುತ್ತದೆ. ಎದುರಿಗೆ ಮೂವರು ಕುಳಿತಿದ್ದರೂ ಅಷ್ಟೆ: ಮೂವರಿಗೂ ಏನೂ ಸಿಗದಿರುವ ಸಂಭವ ನೂರಕ್ಕೆ 30ರಷ್ಟೇ.

ನಿಮ್ಮ ಕೈಯ ಎರಡೂ, ನಡುವಿನ ಎರಡೂ ಒಂದೇ ಜಾತಿ, ಕಳಾವರ್ ಅನ್ನಿ. ಆಗ ತಪ್ಪಿದ ಫ್ಲಾಪ್ ಪೂರ್ತಿ ತಪ್ಪಿದ್ದಲ್ಲ. ನೀವು ಕಾಣದ 47 ಎಲೆಗಳಲ್ಲಿ ಒಂಬತ್ತು ಕಳಾವರ್ ಬಾಕಿ. ಟರ್ನ್, ರಿವರ್ ಎರಡನ್ನೂ ನೋಡಿದರೆ ನೂರಕ್ಕೆ 35 ಸಲ ಐದು ಕೂಡುತ್ತವೆ. ಅವರು ಎಸೆದರೂ ಲಾಭ, ಎಸೆಯದಿದ್ದರೂ ಆಸೆ ಉಂಟು. ಇಂಥ ಕೈ ಸಿಕ್ಕಾಗ ನಾನಂತೂ ಚೆಕ್ ಮಾಡುವುದು ಅಪರೂಪ.

ಮತ್ತೆ ರಾಜ, ಏಳು, ಎರಡಕ್ಕೆ ಬರೋಣ. ನಿಮ್ಮ ಆರಕ್ಕೆ ಅವರೂ ಆರು ಹಾಕಿದರು. ನಡುವೆ 24. ಟರ್ನ್ ಬಂತು: ಮೂರು. ಹೊಸಬರು ಇಲ್ಲೇ, ಇಷ್ಟು ಹಾಕಿದೆನಲ್ಲ ಎಂದು ಇನ್ನೂ 12 ಕಾಳು ಸುರಿಯುತ್ತಾರೆ. ಬಿತ್ತಿದ ಮೇಲೆ ಮಳೆ ಹೋದರೆ ನಮ್ಮ ರೈತ ಬೀಜದ ಖರ್ಚನ್ನು ನೋಡುವುದಿಲ್ಲ, ಮಣ್ಣು ಕೆದರಿ ಹಸಿ ಎಷ್ಟಿದೆ ನೋಡುತ್ತಾನೆ. ನೀವೂ ಕೆದರಿ ನೋಡಿ: ಏನೂ ಇಲ್ಲದಿದ್ದವರು ಆಗಲೇ ಎಲೆ ಎಸೆಯುತ್ತಿದ್ದರು, ಎಸೆಯಲಿಲ್ಲ. ಮೂರರ ಎಲೆ ಅವರನ್ನು ಹೆದರಿಸುವಂಥದ್ದೂ ಅಲ್ಲ. ಅವರ ಕೈಯಲ್ಲಿ ರಾಜ ಇದ್ದರೆ ನಿಮ್ಮನ್ನು ಮೇಲೆತ್ತಲು ಉಳಿದಿರುವುದು ಮೂರೇ ಎಕ್ಕ. ಚೆಕ್ ಅನ್ನಿ. ಅವರು ಕಟ್ಟಿದರೆ ಎಲೆ ಮುಚ್ಚಿಡಿ, ಮುಂದಿನ ಕೈ ಹಂಚಲಿ.