ಚಳಿಗಾಲದಲ್ಲಿ ಮನೆಯೊಳಗಿನ ದುಡಿಮೆ: ದೇಹ ಕೇಳುವ ನಾಲ್ಕು ಸಂಗತಿಗಳು

ನಮ್ಮ ಬೀದರ್ ಸಮುದ್ರಮಟ್ಟದಿಂದ 600 ಮೀಟರಿಗೂ ಹೆಚ್ಚು ಎತ್ತರದಲ್ಲಿರುವ ಊರು. ಡಿಸೆಂಬರ್, ಜನವರಿಯ ಕೆಲವು ರಾತ್ರಿಗಳಲ್ಲಿ ಇಲ್ಲಿ ಉಷ್ಣಾಂಶ 10 ಡಿಗ್ರಿಗಿಂತ ಕೆಳಗಿಳಿಯುತ್ತದೆ. ಕಳೆದ ಚಳಿಗಾಲದಲ್ಲಿ ನಮ್ಮ ಮನೆಯ ಒಂದೇ ಕೋಣೆಯಲ್ಲಿ ಇಬ್ಬರು ದುಡಿಯುತ್ತಿದ್ದೆವು. ಬೆಂಗಳೂರಿನ ಕಂಪನಿಯ ಕೆಲಸವನ್ನು ಮನೆಯಿಂದಲೇ ಮಾಡುವ ಅಣ್ಣ ಒಂದು ಮೂಲೆಯಲ್ಲಿ, ಪ್ರಥಮ ಪಿಯುಸಿ ವಾರ್ಷಿಕ ಪರೀಕ್ಷೆಗೆ ಓದುತ್ತಿದ್ದ ನಾನು ಇನ್ನೊಂದು ಮೂಲೆಯಲ್ಲಿ. ಚಳಿಗೆ ಹೆದರಿ ಕಿಟಕಿ, ಬಾಗಿಲು ಎರಡನ್ನೂ ಮುಚ್ಚಿಕೊಂಡಿರುತ್ತಿದ್ದೆವು.

ಜನವರಿಯ ಒಂದು ರಾತ್ರಿ ಚಳಿ ತಡೆಯಲಾರದೆ ಇದ್ದಿಲ ಸಿಗಡಿಯನ್ನು ಕೋಣೆಯೊಳಗೆ ತಂದಿಟ್ಟುಕೊಂಡೆವು. ಸ್ವಲ್ಪ ಹೊತ್ತಿನಲ್ಲೇ ನನಗೆ ತಲೆನೋವು ಶುರುವಾಯಿತು. ಓದಿ ದಣಿದಿದ್ದೇನೆ ಎಂದುಕೊಂಡು ಪುಸ್ತಕದ ಮೇಲೆಯೇ ತಲೆಯಿಟ್ಟೆ. ನೀರು ಕುಡಿಯಲು ಎದ್ದ ಅಣ್ಣನಿಗೆ ಹೊಟ್ಟೆ ತೊಳಸಿ, ಕಾಲು ತಡವರಿಸಿ, ಗೋಡೆ ಹಿಡಿದು ನಿಂತ. ಅಷ್ಟರಲ್ಲಿ ಚಹಾ ತಂದ ಅಮ್ಮಿ ನಮ್ಮ ಮುಖ ನೋಡಿ ಗಾಬರಿಯಾದರು. ಬೈಯುತ್ತಲೇ ಇಬ್ಬರನ್ನೂ ಅಂಗಳಕ್ಕೆ ಎಳೆದು ತಂದರು. ಹೊರಗಿನ ಗಾಳಿ ತಾಗಿದ ಮೇಲೆ ತಲೆ ಹಗುರಾಯಿತು. ಆ ರಾತ್ರಿಯೇ ಅಬ್ಬಾ ನಮ್ಮನ್ನು ಆಸ್ಪತ್ರೆಗೂ ಕರೆದೊಯ್ದರು. ಅಮ್ಮಿ ಚಹಾ ತರುವುದು ಇನ್ನಷ್ಟು ತಡವಾಗಿದ್ದರೆ ಏನಾಗುತ್ತಿತ್ತೋ ಎಂದು ಈಗಲೂ ಭಯವಾಗುತ್ತದೆ.

ಮರುದಿನ ನಮ್ಮ ಜೀವಶಾಸ್ತ್ರ ಉಪನ್ಯಾಸಕರ ಬಳಿ ಇದನ್ನು ಹೇಳಿದೆ. ಅವರು ಉಸಿರಾಟದ ಪಾಠವನ್ನೇ ಮತ್ತೊಮ್ಮೆ ತೆಗೆಸಿದರು. ಅಂದು ನನಗೆ ಒಂದು ಮಾತು ಅರ್ಥವಾಯಿತು. ಕಾಲೇಜಿಗೋ ಕಚೇರಿಗೋ ಹೋಗಿ ಬರುವಾಗ ಗಾಳಿ, ಬೆಳಕು, ನಡಿಗೆ ನಾವು ಕೇಳದೆಯೇ ಸಿಗುತ್ತವೆ. ಮನೆಯಲ್ಲೇ ಕುಳಿತು ದುಡಿಯುವವರು ಅವನ್ನು ತಾವೇ ನೆನಪಿಟ್ಟು ದೇಹಕ್ಕೆ ಕೊಡಬೇಕಾಗುತ್ತದೆ.

1. ಗಾಳಿ

ಇದ್ದಿಲು ಪೂರ್ತಿಯಾಗಿ ಉರಿಯದಿದ್ದಾಗ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಆಗ ಆಮ್ಲಜನಕಕ್ಕೆ ಜಾಗವೇ ಉಳಿಯುವುದಿಲ್ಲ. ತಲೆನೋವು, ವಾಕರಿಕೆ, ಮಂಪರು ಇದರ ಲಕ್ಷಣಗಳು. ಮಂಪರಿನಲ್ಲಿ ಮಲಗಿದವರು ಏಳದೇ ಹೋಗಬಹುದು. ಆದ್ದರಿಂದ ಮುಚ್ಚಿದ ಕೋಣೆಯೊಳಗೆ ಸಿಗಡಿ ಬೇಡವೇ ಬೇಡ. ಗಾಳಿಯಾಡದ ಸ್ನಾನದ ಮನೆಯಲ್ಲಿರುವ ಗ್ಯಾಸ್ ಗೀಸರ್‌ನಿಂದಲೂ ಇದೇ ಅಪಾಯವಿದೆ. ಯಾರಿಗಾದರೂ ಹೀಗಾದರೆ ಮೊದಲು ತೆರೆದ ಗಾಳಿಗೆ ತನ್ನಿ, ಆಮೇಲೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಸಿಗಡಿ ಇಲ್ಲದಿದ್ದರೂ ಮುಚ್ಚಿದ ಕೋಣೆ ಒಳ್ಳೆಯದಲ್ಲ. ಒಬ್ಬರಿಗೆ ನೆಗಡಿಯಾದರೆ ಅದೇ ಗಾಳಿಯನ್ನು ಎಲ್ಲರೂ ಉಸಿರಾಡುತ್ತಾರೆ. ಈಗ ನಾವು ಚಳಿಯಿದ್ದರೂ ಕಿಟಕಿಯನ್ನು ನಾಲ್ಕು ಬೆರಳಷ್ಟು ತೆರೆದೇ ಇಡುತ್ತೇವೆ. ಬೇಕಿದ್ದರೆ ಸ್ವೆಟರ್ ಮೇಲೆ ಶಾಲು ಹೊದೆಯುತ್ತೇವೆ.

2. ಬೆಳಕು

ಡಿಸೆಂಬರ್ ಕೊನೆಯ ಹೊತ್ತಿಗೆ ನಮ್ಮಲ್ಲಿ ಹಗಲು ಸುಮಾರು 11 ಗಂಟೆಗೆ ಇಳಿಯುತ್ತದೆ. ಅದನ್ನೂ ಟ್ಯೂಬ್‌ಲೈಟ್ ಕೆಳಗೆ ಕಳೆದರೆ ದೇಹದ ಗಡಿಯಾರ ತಪ್ಪುತ್ತದೆ. ಈ ಗಡಿಯಾರ ಮೆದುಳಿನ ಹೈಪೋಥಲಾಮಸ್‌ನಲ್ಲಿದೆ. ಕಣ್ಣಿಗೆ ಬೀಳುವ ಬೆಳಕನ್ನು ನೋಡಿ ಅದು ತನ್ನ ವೇಳೆ ಸರಿಪಡಿಸಿಕೊಳ್ಳುತ್ತದೆ. ಕತ್ತಲಾದಾಗ ಪೀನಿಯಲ್ ಗ್ರಂಥಿ ಮೆಲಟೋನಿನ್ ಸ್ರವಿಸಿ ನಿದ್ರೆಗೆ ದೇಹವನ್ನು ಸಿದ್ಧಗೊಳಿಸುತ್ತದೆ. ರಾತ್ರಿ ಮೊಬೈಲ್, ಲ್ಯಾಪ್‌ಟಾಪ್‌ಗಳ ಬೆಳಕು ಈ ಸ್ರಾವವನ್ನು ತಗ್ಗಿಸುತ್ತದೆ. ಫಜ್ರ್ ನಮಾಜ್ ಮುಗಿಸಿ ಮತ್ತೆ ಕಂಬಳಿಯೊಳಗೆ ಸೇರುತ್ತಿದ್ದ ನಾನು ಈಗ ಸೂರ್ಯ ಮೂಡಿದ ಮೇಲೆ ಮಾಳಿಗೆಯಲ್ಲಿ ಒಂದು ಪಾಠ ಓದುತ್ತೇನೆ. ರಾತ್ರಿ ನಿದ್ರೆ ಬೇಗ ಬರುತ್ತದೆ.

ಇನ್ನೊಂದು ಸಂಗತಿ. ಮುಚ್ಚಿದ ಗಾಜಿನ ಕಿಟಕಿಯ ಪಕ್ಕ ಬಿಸಿಲು ಕಾಯಿಸಿದರೆ ಮೈ ಬೆಚ್ಚಗಾಗುತ್ತದೆ, ಆದರೆ ವಿಟಮಿನ್ ಡಿ ಸಿಗುವುದಿಲ್ಲ. ಚರ್ಮದಲ್ಲಿ ಅದನ್ನು ತಯಾರಿಸಲು ನೇರಳಾತೀತ ಬಿ ಕಿರಣಗಳು ಬೇಕು. ಗಾಜು ಅವನ್ನು ತಡೆಯುತ್ತದೆ. ಈ ಕಿರಣಗಳು ಎಳೆಬಿಸಿಲಿಗಿಂತ ಮಧ್ಯಾಹ್ನದ ಆಸುಪಾಸಿನ ಬಿಸಿಲಿನಲ್ಲಿ ಹೆಚ್ಚು. ಆದ್ದರಿಂದ ಊಟಕ್ಕೆ ಮುಂಚೆ ಸ್ವಲ್ಪ ಹೊತ್ತು ಹೊರಗೆ ನಿಲ್ಲುವುದು ಒಳ್ಳೆಯದು.

3. ನೀರು ಮತ್ತು ಊಟ

ಚಳಿಯಲ್ಲಿ ಬಾಯಾರಿಕೆ ಕಡಿಮೆ, ಮೂತ್ರ ಹೆಚ್ಚು. ಚರ್ಮದ ರಕ್ತನಾಳಗಳು ಕುಗ್ಗಿ ರಕ್ತ ದೇಹದ ಒಳಭಾಗಕ್ಕೆ ಸರಿಯುವುದರಿಂದ, ನೀರು ಹೆಚ್ಚಾಗಿದೆ ಎಂದು ತಿಳಿದು ಮೂತ್ರಪಿಂಡಗಳು ಅದನ್ನು ಹೊರಹಾಕುತ್ತವೆ. ದಿನವಿಡೀ ಬರೀ ಚಹಾ ಕುಡಿದು ಕೂರುತ್ತಿದ್ದ ಅಣ್ಣನ ತುಟಿ ಒಡೆದು, ಮಲಬದ್ಧತೆಯೂ ಆಗಿತ್ತು. ಈಗ ಅವನ ಮೇಜಿನ ಮೇಲೆ ಉಗುರುಬೆಚ್ಚನೆಯ ನೀರಿನ ಫ್ಲಾಸ್ಕ್ ಇರುತ್ತದೆ. ಊಟದ ವಿಚಾರದಲ್ಲಿ ಹೊಸದೇನೂ ಹುಡುಕಬೇಕಿಲ್ಲ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಜೋಳದ ರೊಟ್ಟಿ, ಹಸಿ ತೊಗರಿಕಾಳು, ಪೇರಲ ಹಣ್ಣು ಇವೆಲ್ಲ ಈ ಕಾಲದಲ್ಲೇ ನಮ್ಮ ಕಡೆ ಸಿಗುತ್ತವೆ. ಬೇಕರಿಯ ಖಾರಿ, ಟೋಸ್ಟು ಹೊಟ್ಟೆ ತುಂಬಿಸುತ್ತವೆ, ಆದರೆ ಇವಕ್ಕೆ ಸಮನಲ್ಲ.

4. ನಡಿಗೆ

ಕಾಲಿನ ರಕ್ತ ಹೃದಯಕ್ಕೆ ಏರಿ ಹೋಗಲು ಮೀನಖಂಡದ ಸ್ನಾಯುಗಳು ಒತ್ತಿಕೊಡಬೇಕು. ಗಂಟೆಗಟ್ಟಲೆ ಕೂತರೆ ಆ ಕೆಲಸ ನಿಲ್ಲುತ್ತದೆ, ಕಾಲು ಜೋಮು ಹಿಡಿಯುತ್ತದೆ. ಇದಕ್ಕೆ ನಮ್ಮ ಬಳಿ ಒಳ್ಳೆಯ ವೇಳಾಪಟ್ಟಿ ಮೊದಲೇ ಇದೆ. ಜುಹರ್, ಅಸರ್, ಮಗ್ರಿಬ್‌ಗೆ ಮಸೀದಿಗೆ ನಡೆದು ಹೋದರೆ ಮೂರು ಸಲ ಎದ್ದಂತಾಯಿತು. ವುಜೂಗೆ ಬೆಚ್ಚನೆ ನೀರು ಬಳಸಿ, ಆಮೇಲೆ ಕೈಕಾಲಿಗೆ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿದರೆ ಚರ್ಮ ಒಡೆಯುವುದಿಲ್ಲ. ಮನೆಯಲ್ಲೇ ನಮಾಜ್ ಮಾಡುವ ಸಹೋದರಿಯರು ಅಂಗಳದಲ್ಲಿ ನಾಲ್ಕು ಸುತ್ತು ಹಾಕಬಹುದು.

ಕಣ್ಣಿಗೂ ನಡಿಗೆಯಂತೆಯೇ ಬಿಡುವು ಬೇಕು. ಪರದೆ ನೋಡುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗಿ, ಒಣಗಾಳಿಗೆ ಕಣ್ಣು ಉರಿಯುತ್ತದೆ. 20 ನಿಮಿಷಕ್ಕೊಮ್ಮೆ, 20 ಅಡಿ ದೂರದ ವಸ್ತುವನ್ನು, 20 ಸೆಕೆಂಡು ನೋಡಬೇಕು.

ಇವೆಲ್ಲವನ್ನೂ ನಾನು ತಪ್ಪದೆ ಪಾಲಿಸುತ್ತೇನೆ ಎಂದರೆ ಸುಳ್ಳಾದೀತು. ಪರೀಕ್ಷೆ ಹತ್ತಿರ ಬಂದಾಗ ಫ್ಲಾಸ್ಕ್ ತುಂಬಿದಂತೆಯೇ ಉಳಿಯುತ್ತದೆ, ನಡಿಗೆ ತಪ್ಪುತ್ತದೆ. ಆದರೆ ಕಿಟಕಿಯನ್ನು ಮಾತ್ರ ಮತ್ತೆ ಪೂರ್ತಿ ಮುಚ್ಚಿಲ್ಲ. ದೇಹ ಅಲ್ಲಾಹನು ನಮ್ಮ ಕೈಗೆ ಕೊಟ್ಟ ಅಮಾನತ್ತು. ಅಂಕಗಳಿಗಾಗಿ, ಸಂಬಳಕ್ಕಾಗಿ ದುಡಿಯುವಾಗ ಅದನ್ನು ಮರೆಯಬಾರದು. ಗೆಳೆಯರೇ, ಇಂದು ಓದಲು ಕೂರುವ ಮುಂಚೆ ಒಮ್ಮೆ ಎದ್ದು ನಿಮ್ಮ ಕೋಣೆಯ ಕಿಟಕಿ ನೋಡಿ. ಮುಚ್ಚಿದ್ದರೆ ತೆರೆಯಿರಿ.