ಸ್ವಿಚ್ಚೋ, ಸ್ವಾಪೋ?

ಇಂಗ್ಲಿಷಿನ ಫಾರಂ, ಕರಪತ್ರಗಳನ್ನು ಕನ್ನಡಕ್ಕೆ ತರುವುದು ನನ್ನ ಹೊಟ್ಟೆಪಾಡು. ದೊಡ್ಡ ಪದಗಳು ನನ್ನನ್ನು ಎಂದೂ ಕೆಡವಲಿಲ್ಲ; ಅವುಗಳಿಗೆ ನಿಘಂಟು ತೆಗೆಯುತ್ತೇನೆ. ಕೆಡವಿದ್ದು ‘ಸ್ವಿಚ್’, ‘ಸ್ವಾಪ್’ನಂಥ ಚಿಲ್ಲರೆ ಕ್ರಿಯಾಪದಗಳು. ಕಂಡ ಕೂಡಲೇ ಕೈ ತಾನಾಗಿ ‘ಬದಲಾಯಿಸಿ’ ಎಂದು ಬರೆದುಬಿಡುತ್ತದೆ.

1. ಮೊದಲು ತಲೆ ಎಣಿಸಿ. ಕಾಫಿ ಬಿಟ್ಟು ಟೀ ಹಿಡಿದವನು ಸ್ವಿಚ್ ಮಾಡಿದ, ಅವನೊಬ್ಬನೇ ಸಾಕು. ನನ್ನ ಕಾಫಿ ನಿಮಗೆ, ನಿಮ್ಮ ಟೀ ನನಗೆ ಎಂದರೆ ಸ್ವಾಪ್. ಅದಕ್ಕೆ ಕೊಡು-ಕೊಳ್ಳು ಎರಡೂ ಬೇಕು.

2. ಹಣದ ಕಾಗದದಲ್ಲಿ ಸಡಿಲ ಪದ ದುಬಾರಿ. ಮ್ಯೂಚುವಲ್ ಫಂಡ್ ಫಾರಂ ಒಂದರಲ್ಲಿ ‘ಸ್ವಿಚ್’ ಎಂದಿದ್ದುದನ್ನು ನಾನು ‘ವಿನಿಮಯ’ ಮಾಡಿದ್ದೆ. ಓದಿದ ಹಿರಿಯರೊಬ್ಬರು ಕೇಳಿದರು: “ಯಾರ ಹತ್ರ ವಿನಿಮಯ ಮಾಡ್ಕೋಬೇಕು ಸ್ವಾಮಿ?” ಅಲ್ಲಿ ಇನ್ನೊಬ್ಬರು ಇಲ್ಲವೇ ಇಲ್ಲ. ಒಂದು ಯೋಜನೆಯ ಯೂನಿಟ್ಟು ಮಾರಿ, ಆ ದುಡ್ಡನ್ನು ಅದೇ ಸಂಸ್ಥೆಯ ಮತ್ತೊಂದು ಯೋಜನೆಗೆ ಹಾಕುತ್ತಾರೆ. ತೆರಿಗೆಯ ಲೆಕ್ಕದಲ್ಲಿ ಅದು ಮಾರಾಟ. ಲಾಭ ಬಂದಿದ್ದರೆ ಲೆಕ್ಕ ಕೊಡಬೇಕು. ನನ್ನ ‘ವಿನಿಮಯ’ ಆ ಮಾರಾಟವನ್ನೇ ಮುಚ್ಚಿಟ್ಟಿತ್ತು. ಇದಕ್ಕೆ ವಿರುದ್ಧವಾಗಿ, 2019ರ ಮಾರ್ಚ್‌ನಲ್ಲಿ ರಿಸರ್ವ್ ಬ್ಯಾಂಕು ಮಾಡಿದ್ದು ಅಪ್ಪಟ ಸ್ವಾಪ್: ಬ್ಯಾಂಕುಗಳಿಂದ 500 ಕೋಟಿ ಡಾಲರ್ ಪಡೆದು ರೂಪಾಯಿ ಕೊಟ್ಟಿತು, 3 ವರ್ಷದ ನಂತರ ಡಾಲರ್ ಹಿಂತಿರುಗಿಸುವ ಕರಾರಿನ ಮೇಲೆ.

3. ‘ಟು’ ಕಂಡರೆ ಸ್ವಿಚ್ ಕಡೆಗೆ ವಾಲಿ. ಸ್ವಾಪ್‌ಗೆ ಸಾಮಾನ್ಯವಾಗಿ ‘ಫಾರ್’ ಅಥವಾ ‘ವಿತ್’ ಜೊತೆ. ನಮ್ಮಲ್ಲಿ ‘ಗೆ’ ಒಂದು ಕಡೆ, ‘ಬದಲಿಗೆ’, ‘ಜೊತೆ’ ಇನ್ನೊಂದು ಕಡೆ.

4. ಗೆರೆ ಎಲ್ಲೆಡೆ ನೇರವಿಲ್ಲ. ಬಸ್ಸಿನಲ್ಲಿ ಇಬ್ಬರು ಸೀಟು ಬದಲಿಸಿಕೊಂಡರೆ ಇಂಗ್ಲಿಷಿನವರು ಎರಡನ್ನೂ ಅನ್ನುತ್ತಾರೆ. ಆದರೆ ಬಾಟಲಿಯ ಲೇಬಲ್ಲನ್ನು ಯಾರಿಗೂ ಕಾಣದಂತೆ ಬದಲಿಸಿದವನಿಗೆ ಸ್ವಿಚ್ ಹೆಚ್ಚು ಒಪ್ಪುತ್ತದೆ. ಆ ಪದಕ್ಕೆ ಕೈಚಳಕದ ವಾಸನೆಯಿದೆ. ನಮ್ಮ ‘ಅದಲುಬದಲು’ ಎರಡಕ್ಕೂ ಸಲ್ಲುತ್ತದೆ. ತಮಾಷೆಯೆಂದರೆ ಇಂಗ್ಲಿಷಿನ ಎರಡು ಪದಗಳ ಬುಡದಲ್ಲೂ ಏಟಿದೆ. ಸ್ವಾಪ್ ಎಂದರೆ ಮೊದಲು ಹೊಡೆಯುವುದು. ವ್ಯಾಪಾರ ಕುದುರಿದಾಗ ಕೈಗೆ ಕೈ ತಟ್ಟುತ್ತಿದ್ದರಲ್ಲ, ಅಲ್ಲಿಂದ ಈಗಿನ ಅರ್ಥ. ಸ್ವಿಚ್ ಸವಾರನ ಕೈಯ ತೆಳ್ಳನೆ ಚಾಟಿ. ಆಮೇಲೆ ರೈಲುಹಳಿಗೆ, ಕೊನೆಗೆ ನಮ್ಮ ಗೋಡೆಗೆ ಬಂತು. ದನದ ಜಾತ್ರೆಯಲ್ಲಿ ಟವೆಲ್ಲಿನಡಿ ಬೆರಳು ಹಿಡಿದು ಬೆಲೆ ಕುದುರಿಸುವುದನ್ನು ಕಂಡವರಿಗೆ ಸ್ವಾಪ್‌ನ ಹುಟ್ಟು ಬೇಗ ತಿಳಿಯುತ್ತದೆ.

5. ಹೆಸರೇ ಸುಳ್ಳು ಹೇಳಬಹುದು. ‘ಸಿಮ್ ಸ್ವಾಪ್’ ವಂಚನೆಯಲ್ಲಿ ಕಳ್ಳ ನಿಮಗೆ ಏನೂ ಕೊಡುವುದಿಲ್ಲ. ನಿಮ್ಮ ನಂಬರಿಗೆ ತಾನು ಹೊಸ ಸಿಮ್ ಪಡೆಯುತ್ತಾನೆ, ನಿಮ್ಮ ಫೋನಿನ ಸಿಗ್ನಲ್ ಹೋಗುತ್ತದೆ, ಒಟಿಪಿ ಅವನಿಗೆ ಬರುತ್ತದೆ. ‘ಸಿಮ್ ವಿನಿಮಯ’ ಎಂದು ಬರೆದಿದ್ದನ್ನು ಹೊಡೆದುಹಾಕಿ, ‘ನಿಮ್ಮ ನಂಬರಿಗೆ ಬೇರೆಯವರು ಸಿಮ್ ಪಡೆಯುವ ಮೋಸ’ ಎಂದು ಬರೆದೆ. ಪುಟ ಕಟ್ಟುವ ಹುಡುಗ ಜಾಗ ಸಾಲದು ಸಾರ್ ಎಂದ. ಅಕ್ಷರ ಸಣ್ಣದು ಮಾಡಪ್ಪ ಎಂದೆ.